ಲಾಡ್ಜಿನ ಗಾದಿಯ ಮೇಲೆ ಅಗಸೆ ಬೀಜದಷ್ಟು ಭಯ

ಕಳೆದ ಮಾಘ ಮಾಸದಲ್ಲಿ ತಮ್ಮನ ಮಗಳ ಮದುವೆಗೆಂದು ವಿಜಯಪುರಕ್ಕೆ ಹೋಗಿದ್ದೆವು. ಮಂಟಪದಲ್ಲಿ ಜಾಗ ಸಾಲದೆ ನಾವು ಏಳು ಜನ ಬಸ್ ನಿಲ್ದಾಣದ ಹತ್ತಿರದ ಲಾಡ್ಜೊಂದರಲ್ಲಿ ಎರಡು ಕೋಣೆ ಹಿಡಿದೆವು. ರಾತ್ರಿ ಹನ್ನೊಂದೂವರೆಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅಕ್ಕನ ಮಗ ಮೊಬೈಲ್ ಬೆಳಕು ಹಿಡಿದುಕೊಂಡು ನಿಂತಿದ್ದ. "ಮಾಮಾ, ಸ್ವಲ್ಪ ಬನ್ನಿ. ಗಾದಿಯ ಮೇಲೆ ತಿಗಣೆ ಇದೆ. ಅವ್ವ ಕುರ್ಚಿ ಹತ್ತಿ ಕುಳಿತಿದ್ದಾಳೆ."

ಹೋಗಿ ನೋಡಿದೆ. ಬಿಳಿ ಚಾದರದ ನಟ್ಟನಡುವೆ ಕಂದು ಬಣ್ಣದ, ಚಪ್ಪಟೆಯಾದ, ಒಂದು ಕಡೆ ಚೂಪಾದ ಚುಕ್ಕೆ. ಬೆರಳಿನಿಂದ ಮುಟ್ಟಿದರೆ ಜಾರಿತು, ಆದರೆ ಓಡಲಿಲ್ಲ. ಎತ್ತಿ ಹಲ್ಲಿನಲ್ಲಿ ಕಡಿದೆ. ಅಕ್ಕ ಕಿರುಚಿದಳು. ಉಪ್ಪುಪ್ಪಾಗಿತ್ತು: ಮದುವೆ ಊಟದ ನಂತರ ಬಾಯಿಗೆ ಹಾಕಿಕೊಳ್ಳಲು ಹಂಚಿದ್ದ ಹುರಿದ ಅಗಸೆ ಬೀಜ.

ಎಲ್ಲರೂ ನಕ್ಕೆವು. ಹೇಗೂ ನಿದ್ದೆ ಕೆಟ್ಟಿದೆ, ಒಮ್ಮೆ ನೋಡಿಯೇ ಬಿಡೋಣ ಎಂದು ಗಾದಿಯ ತಲೆಭಾಗದ ಮೂಲೆಯನ್ನು ಎತ್ತಿದಾಗ ನಗು ನಿಂತಿತು. ಅಂಚಿನ ಗೋಟಿನ ಉದ್ದಕ್ಕೂ, ಪೆನ್ನಿನ ಮೊನೆ ತಾಗಿಸಿ ತೆಗೆದಂತೆ, ಕಪ್ಪು ಚುಕ್ಕೆಗಳ ಸಾಲು. ಅದು ಅಗಸೆಯಾಗಿರಲಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಮನೆ ಬಿಟ್ಟು ಬೇರೆಡೆ ಮಲಗುವ ಸಂದರ್ಭಗಳು ಕಡಿಮೆಯೇನಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ವರ್ಷವಿಡೀ ಕೂಡಲಸಂಗಮ. ಚಳಿಗಾಲದ ಅಧಿವೇಶನ ಕೂಡಿದರೆ ಬೆಳಗಾವಿಯಲ್ಲಿ ಕೋಣೆ ಸಿಗುವುದೇ ಪುಣ್ಯ. ಇವಲ್ಲದೆ ಪರೀಕ್ಷೆ ಬರೆಯಲು ಬಂದವರು, ಆಸ್ಪತ್ರೆಯಲ್ಲಿರುವವರನ್ನು ನೋಡಿಕೊಳ್ಳಲು ಬಂದವರು. ಮೊಬೈಲಿನಲ್ಲಿ ತಿಗಣೆಯ ಒಂದು ವಿಡಿಯೊ ಹರಿದಾಡಿದರೆ ಸಾಕು, ಇವರೆಲ್ಲರ ನಿದ್ದೆ ಹೋಗುತ್ತದೆ. ಭಯಪಡುವವರು ಬಹಳ. ಎಲ್ಲಿ ನೋಡಬೇಕೆಂದು ಗೊತ್ತಿರುವವರು ಕಡಿಮೆ.

ಮೊದಲು ಹುಳುವಿನ ಪರಿಚಯ

ತಿಗಣೆ, ನಮ್ಮ ಕಡೆಯ ಮಾತಿನಲ್ಲಿ ತಗಣಿ, ರಕ್ತವನ್ನು ಬಿಟ್ಟು ಬೇರೇನನ್ನೂ ಮುಟ್ಟದ ಕೀಟ. ಮನುಷ್ಯನನ್ನು ನೆಚ್ಚಿಕೊಂಡ ಜಾತಿಗಳು ಮುಖ್ಯವಾಗಿ ಎರಡು: ತಂಪು ದೇಶಗಳ ಸೈಮೆಕ್ಸ್ ಲೆಕ್ಟುಲೇರಿಯಸ್, ಬಿಸಿ ನಾಡುಗಳ ಸೈಮೆಕ್ಸ್ ಹೆಮಿಪ್ಟೆರಸ್. ನಮ್ಮಲ್ಲಿ ಎರಡನೆಯದರದೇ ಕಾರುಬಾರು ಹೆಚ್ಚು. ಬರಿಗಣ್ಣಿಗೆ ಎರಡೂ ಒಂದೇ.

ಬೆಳೆದ ತಿಗಣೆಯ ಉದ್ದ ಸುಮಾರು 5 ಮಿಲಿಮೀಟರ್. ಹಸಿದಿರುವಾಗ ಕಂದು ಬಣ್ಣ, ಕಾಗದದ ಹಾಗೆ ಚಪ್ಪಟೆ. ಅಳತೆ, ಬಣ್ಣ, ಆಕಾರ ಎಲ್ಲವೂ ಅಗಸೆ ಬೀಜದಂತೆಯೇ ಇರುವುದರಿಂದ ಅಕ್ಕ ಮೋಸಹೋದದ್ದರಲ್ಲಿ ತಪ್ಪಿಲ್ಲ. ರಕ್ತ ಕುಡಿದ ಮೇಲೆ ಅದೇ ಹುಳು ಉಬ್ಬಿ, ಉದ್ದವಾಗಿ, ಕೆಂಪೇರುತ್ತದೆ. ಮೊಟ್ಟೆ ಗಸಗಸೆ ಕಾಳಿನಷ್ಟು, ಬಣ್ಣವೂ ಅದರದೇ. ಅಂಟು ಹಚ್ಚಿದಂತೆ ಸಂದಿಯಲ್ಲಿ ಕುಳಿತಿರುತ್ತದೆ, ಕೊಡವಿದರೆ ಬೀಳುವುದಿಲ್ಲ. ಸೆಕೆಯ ಕಾಲದಲ್ಲಿ ಆರರಿಂದ ಹತ್ತು ದಿನಕ್ಕೆ ಮರಿ ಹೊರಬರುತ್ತದೆ. ಮರಿ ಐದು ಬಾರಿ ಪೊರೆ ಬಿಟ್ಟು ದೊಡ್ಡದಾಗಬೇಕು, ಪ್ರತಿ ಬಾರಿಯೂ ಅದಕ್ಕೆ ಒಂದು ಊಟ ಬೇಕು. ಊಟ ಸರಿಯಾಗಿ ಸಿಕ್ಕರೆ ಐದಾರು ವಾರಗಳಲ್ಲಿ ಮೊಟ್ಟೆ ಹೋಗಿ ಮೊಟ್ಟೆ ಇಡುವ ತಿಗಣೆಯಾಗಿರುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ 200ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಗರ್ಭ ಕಟ್ಟಿದ ಒಂದೇ ಒಂದು ಹೆಣ್ಣು ಚೀಲದಲ್ಲಿ ಬಂದರೂ ಸಂಸಾರ ಶುರುವಾಗುತ್ತದೆ ಎನ್ನುವುದು ಇದರಿಂದಲೇ.

ಅದಕ್ಕೆ ರೆಕ್ಕೆಯಿಲ್ಲ, ಹಾರದು. ನೆಗೆಯುವ ಕಾಲೂ ಇಲ್ಲ. ನೆಗೆಯಿತು ಎಂದರೆ ಅದು ಚಿಗಟ. ಇನ್ನು ಹೇನು ಕೂದಲಲ್ಲೇ ಮನೆ ಮಾಡುತ್ತದೆ, ಉಣ್ಣೆ ದನದ ಮೈಗೆ ಕಚ್ಚಿಕೊಂಡೇ ದಿನಗಟ್ಟಲೆ ಇರುತ್ತದೆ. ತಿಗಣೆ ಹಾಗಲ್ಲ. ಅದು ಖಾನಾವಳಿಯ ಗಿರಾಕಿ: ಹೊತ್ತಿಗೆ ಬರುತ್ತದೆ, ಐದು ಹತ್ತು ನಿಮಿಷದಲ್ಲಿ ಉಂಡು ತನ್ನ ಕೋಣೆಗೆ ಹೊರಟುಹೋಗುತ್ತದೆ. ಖಾನಾವಳಿಯಲ್ಲಿ ಯಾರೂ ಮಲಗುವುದಿಲ್ಲವಷ್ಟೇ? ಮುಂದೆ ಹೇಳುವುದಕ್ಕೆಲ್ಲ ಇದೇ ಬುನಾದಿ. ಲಾಡ್ಜಿನಿಂದ ಮನೆಗೆ ತಿಗಣೆ ಬರುವುದು ಸಾಮಾನ್ಯವಾಗಿ ನಮ್ಮ ಮೈಮೇಲೆ ಅಲ್ಲ, ನಮ್ಮ ಚೀಲದಲ್ಲಿ.

ಕಚ್ಚಿದ್ದು ಆಗಲೇ ಗೊತ್ತಾಗದು, ಏಕೆ?

ನಾವು ಉಸಿರು ಬಿಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಬಿಸುಪು ತಿಗಣೆಗೆ ಊಟದ ಗಂಟೆ. ನಡುರಾತ್ರಿಯ ನಂತರ, ಬೆಳಗಿನ ಜಾವದ ಗಾಢ ನಿದ್ದೆಯ ಹೊತ್ತು ಅದಕ್ಕೆ ಅನುಕೂಲ. ದೀಪ ಹಚ್ಚಿಟ್ಟು ಮಲಗಿದರೆ ಬರುವುದಿಲ್ಲ ಎಂಬ ನಂಬಿಕೆ ಇದೆ. ಹಸಿದ ತಿಗಣೆ ಬೆಳಕನ್ನು ಲೆಕ್ಕಿಸುವುದಿಲ್ಲ, ನಿದ್ದೆ ಕೆಡುವುದು ನಮ್ಮದೇ.

ಕಚ್ಚುವಾಗ ಅದು ಬಿಡುವ ಜೊಲ್ಲಿನಲ್ಲಿ ಎರಡು ಗುಣಗಳಿವೆ. ಒಂದು, ಆ ಜಾಗವನ್ನು ಮರಗಟ್ಟಿಸುತ್ತದೆ. ಇನ್ನೊಂದು, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಹಲ್ಲು ಕೀಳುವ ಮುನ್ನ ವೈದ್ಯರು ಸೂಜಿ ಚುಚ್ಚುವ ಹಾಗೆ, ನೋವು ಆಗ ತಿಳಿಯದು. ತುರಿಕೆ ಆಮೇಲೆ, ಆ ಜೊಲ್ಲಿಗೆ ನಮ್ಮ ಮೈ ಸಿಟ್ಟಾದಾಗ. ಆ ಸಿಟ್ಟು ಕೆಲವರಿಗೆ ಬೆಳಿಗ್ಗೆಯೇ ಬರುತ್ತದೆ, ಕೆಲವರಿಗೆ ಹಲವು ದಿನ ಬಿಟ್ಟು, ಎರಡು ವಾರದವರೆಗೂ ತಡವಾಗಿ. ಏನೂ ಆಗದವರೂ ಇದ್ದಾರೆ. ಒಂದೇ ಮಂಚದಲ್ಲಿ ಮಲಗಿದ ಗಂಡ ಹೆಂಡತಿಯರಲ್ಲಿ ಒಬ್ಬರ ಕೈತುಂಬ ದದ್ದು, ಇನ್ನೊಬ್ಬರು "ನನಗೇನೂ ಇಲ್ಲ, ಎಲ್ಲ ನಿನ್ನ ಭ್ರಮೆ" ಎಂದು ಜಗಳಕ್ಕೆ ನಿಲ್ಲುವುದು ಇದೇ ಕಾರಣಕ್ಕೆ.

ದದ್ದುಗಳು ಸಾಲಾಗಿದ್ದರೆ ತಿಗಣೆಯೇ ಎಂದು ಬಹಳ ಜನ ಹೇಳುತ್ತಾರೆ. ಸಾಲಾಗಿರುವುದುಂಟು, ಆದರೆ ಅದೊಂದನ್ನೇ ನಂಬುವಂತಿಲ್ಲ. ಸೊಳ್ಳೆ ಕಡಿತ, ಬೆವರು ಗುಳ್ಳೆ, ಹೊಸ ಸೋಪಿನ ಅಲರ್ಜಿ ಎಲ್ಲವೂ ಹಾಗೆಯೇ ಕಾಣಬಹುದು. ದದ್ದು ನೋಡಿಯೇ ನಿಕ್ಕಿ ಹೇಳುವುದು ವೈದ್ಯರಿಗೂ ಕಷ್ಟ. ಗಾದಿಯಲ್ಲಿ ಗುರುತು ಸಿಗಬೇಕು.

ಸಮಾಧಾನದ ಸಂಗತಿಯೊಂದಿದೆ. ಸೊಳ್ಳೆ ಮಲೇರಿಯಾ, ಡೆಂಗಿ ತರುವಂತೆ ತಿಗಣೆ ಒಬ್ಬರಿಂದ ಒಬ್ಬರಿಗೆ ರೋಗ ಹಬ್ಬಿಸುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಸೋಪು ನೀರಿನಲ್ಲಿ ತೊಳೆದು, ತಣ್ಣನೆಯ ಒದ್ದೆ ಬಟ್ಟೆ ಇಟ್ಟರೆ ಬಹುತೇಕ ದದ್ದುಗಳು ಒಂದೆರಡು ವಾರದಲ್ಲಿ ಇಳಿಯುತ್ತವೆ. ಕೆರೆದು ಹುಣ್ಣು ಮಾಡಿಕೊಂಡರೆ ಕೀವು ತುಂಬಬಹುದು. ಹಾಗಾದರೆ, ಅಥವಾ ಮುಖ ಊದಿ ಉಸಿರಾಟ ಕಷ್ಟವಾದರೆ, ವೈದ್ಯರ ಬಳಿ ಹೋಗಲೇಬೇಕು.

ಹೋಗಿತ್ತಲ್ಲ, ಮತ್ತೆ ಬಂದದ್ದು ಹೇಗೆ?

ತಿಗಣೆ ನಮಗೆ ಹೊಸದಲ್ಲ. ಗುಹೆಗಳಲ್ಲಿ ಬಾವಲಿಯ ರಕ್ತ ಕುಡಿಯುತ್ತಿದ್ದ ಹುಳು, ಮನುಷ್ಯ ಅಲ್ಲಿ ಆಸರೆ ಪಡೆದಾಗ ಅವನಿಗೂ ಗಂಟುಬಿತ್ತು ಎಂದು ವಿಜ್ಞಾನಿಗಳು ಹೇಳುತ್ತಾರೆ. ಈಜಿಪ್ಟಿನ ಅಮರ್ನಾ ಎಂಬಲ್ಲಿ 3,300 ವರ್ಷಗಳಿಗೂ ಹಿಂದಿನ ಕೆಲಸಗಾರರ ಮನೆಗಳನ್ನು ಅಗೆದಾಗ ತಿಗಣೆಯ ಅವಶೇಷಗಳು ಸಿಕ್ಕಿವೆ. ನನ್ನ ಅಜ್ಜಿಯ ಕಾಲದಲ್ಲಿ ಅಮಾವಾಸ್ಯೆಯ ಮುನ್ನಾದಿನ ಹೊರಸನ್ನು ಅಂಗಳಕ್ಕೆ ತಂದು, ಕಾಲಿನ ಕೀಲುಗಳಿಗೆ ಕೊತಕೊತ ಕುದಿಯುವ ನೀರು ಹೊಯ್ಯುತ್ತಿದ್ದರು. ಅದು ಸರಿಯಾದ ಮದ್ದೇ ಆಗಿತ್ತು.

ಆಮೇಲೆ ಡಿಡಿಟಿ ಬಂತು. ಅದರ ಕೀಟನಾಶಕ ಗುಣ ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಹಳ್ಳಿಹಳ್ಳಿಯ ಗೋಡೆಗಳಿಗೆ ಡಿಡಿಟಿ ಹೊಡೆದರು. ಹೊಡೆದು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ತಿಗಣೆಗಳು ಸತ್ತವು, ಆದರೆ ಎಲ್ಲವೂ ಅಲ್ಲ. ನೊಬೆಲ್ ಬರುವುದಕ್ಕೂ ಮೊದಲೇ, 1947ರಲ್ಲಿ, ಅಮೆರಿಕದ ಪರ್ಲ್ ಹಾರ್ಬರಿನ ಸೈನಿಕರ ವಸತಿಗಳಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಕಂಡಿದ್ದವು.

ಇದು ಆಗುವ ಬಗೆಯನ್ನು ರೈತರಿಗೆ ವಿವರಿಸಬೇಕಿಲ್ಲ. ಹೊಲದಲ್ಲಿ ಗಟ್ಟಿಯಾಗಿ ನಿಂತ ಜೋಳದ ತೆನೆಯನ್ನೇ ಆರಿಸಿ ಮುಂದಿನ ಬಿತ್ತನೆಗೆ ಕಟ್ಟಿ ಇಡುತ್ತೇವೆ. ವಿಷ ಹೊಡೆದಾಗಲೂ ಆಗುವುದು ಅದೇ. ಸೊರಗಿದವು ಸಾಯುತ್ತವೆ, ತೊಗಲು ದಪ್ಪ ಇದ್ದದ್ದು, ನರಕ್ಕೆ ವಿಷ ನಾಟದಂತೆ ಹುಟ್ಟಿದ್ದು ಉಳಿದು ಅದೇ ಬೀಜವಾಗುತ್ತದೆ. ಹತ್ತಾರು ತಲೆಮಾರು ಕಳೆದರೆ ಹೊಲವೆಲ್ಲ ಅದರದೇ ಬೆಳೆ. ಈಗ ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಎಂಬ ಗುಂಪಿನ ವಿಷಗಳಿಗೂ ಅನೇಕ ಕಡೆ ತಿಗಣೆಗಳು ಹೀಗೆಯೇ ಒಗ್ಗಿಕೊಂಡಿವೆ.

ಇದಕ್ಕೆ ಓಡಾಟ ಸೇರಿತು. 2023ರ ಶರತ್ಕಾಲದಲ್ಲಿ, ಒಲಿಂಪಿಕ್ಸ್‌ಗೆ ಇನ್ನೂ ಒಂದು ವರ್ಷವಿಲ್ಲದ ಹೊತ್ತಿನಲ್ಲಿ, ಪ್ಯಾರಿಸ್ ನಗರವೇ ತಿಗಣೆಯ ಸುದ್ದಿಯಿಂದ ತತ್ತರಿಸಿತು. ಪ್ಯಾರಿಸ್ಸಿನಲ್ಲಿ ಇರಬಹುದಾದರೆ ಬೆಳಗಾವಿಯ ದುಬಾರಿ ಹೋಟೆಲಿನಲ್ಲಿಯೂ ಇರಬಹುದು, ಮಠದ ಯಾತ್ರಿ ನಿವಾಸದಲ್ಲಿ ಒಂದೂ ಇಲ್ಲದಿರಬಹುದು. ಕೊಳೆಯಿಂದ ತಿಗಣೆ ಹುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ರಕ್ತ ಮತ್ತು ಸಂದಿ. ಕಸ ತುಂಬಿದ ಕೋಣೆಯಲ್ಲಿ ಸಂದಿಗಳು ಹೆಚ್ಚಿರುತ್ತವೆ, ಹುಡುಕುವುದು ಕಷ್ಟವಾಗುತ್ತದೆ, ಅಷ್ಟೇ.

ಕೋಣೆಗೆ ಕಾಲಿಟ್ಟ ಮೇಲೆ ಐದು ನಿಮಿಷ

ಕೀಲಿ ಕೈಗೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಚೀಲವನ್ನು ಮಂಚದ ಮೇಲೆ ಎಸೆಯುವುದು. ಇದೊಂದು ಅಭ್ಯಾಸ ಬಿಟ್ಟರೆ ಅರ್ಧ ಚಿಂತೆ ಕಡಿಮೆ. ಚೀಲವನ್ನು ಬಚ್ಚಲುಮನೆಯ ನೀರು ತಾಗದ ಮೂಲೆಯಲ್ಲಿ ಇಡಿ. ಟೈಲ್ಸ್ ಹಾಕಿದ ನೆಲದಲ್ಲಿ ಅಡಗಲು ಜಾಗವಿಲ್ಲ, ಬಿಳಿಯ ಮೇಲೆ ಹರಿದಾಡಿದರೆ ಕಂಡೂ ಬಿಡುತ್ತದೆ.

ನಂತರ ಮೊಬೈಲಿನ ದೀಪ ಹಚ್ಚಿ ಮಂಚದ ತಲೆಭಾಗಕ್ಕೆ ಹೋಗಿ. ಮಲಗಿದವರ ಉಸಿರು ಅಲ್ಲಿಯೇ ಇರುವುದರಿಂದ ತಿಗಣೆಗಳೂ ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಚಾದರವನ್ನು ಮೂಲೆಯಿಂದ ಸರಿಸಿ, ಗಾದಿಯ ಅಂಚಿನಲ್ಲಿ ಸುತ್ತಲೂ ಹಾದಿರುವ ಗೋಟನ್ನು ಹೆಬ್ಬೆರಳಿನಿಂದ ಮಡಚಿ ಎರಡೂ ಬದಿ ನೋಡಿ. ಗಾದಿಯ ಮೂಲೆ ಎತ್ತಿ ಕೆಳಗಿನ ಹೊಲಿಗೆ ನೋಡಿ, ಕಂಪನಿಯ ಚೀಟಿ ಹೊಲಿದಿದ್ದರೆ ಅದರ ಹಿಂಬದಿಯನ್ನೂ. ತಲೆಭಾಗದ ಹಲಗೆ ಗೋಡೆಗೆ ತಾಗಿರುವ ಕಡೆ, ಸ್ಕ್ರೂ ಕೂತ ತೂತು, ಕಟ್ಟಿಗೆಯ ಕೀಲು ಇವೆಲ್ಲ ಅದರ ನೆಚ್ಚಿನ ಮನೆಗಳು. ಮದುವೆಗೆ ಹೋದವರ ಕೈಯಲ್ಲಿ ಲಗ್ನಪತ್ರಿಕೆ ಇದ್ದೇ ಇರುತ್ತದೆ. ಅದರ ಗಟ್ಟಿ ಅಂಚನ್ನು ಹಲಗೆಯ ಸಂದಿಯಲ್ಲಿ ಹಾಯಿಸಿ ಎಳೆದರೆ ಒಳಗಿದ್ದದ್ದು ಹೊರಬರುತ್ತದೆ. ನಾವು ಆ ರಾತ್ರಿ ಮಾಡಿದ್ದು ಅದನ್ನೇ. ಪತ್ರಿಕೆಯ ತುದಿಯಲ್ಲಿ, ಗಣಪತಿಯ ಚಿತ್ರದ ಪಕ್ಕದಲ್ಲಿಯೇ, ಒಂದು ಒಣ ಪೊರೆ ಅಂಟಿಕೊಂಡು ಬಂತು: ಹುಳುವಿನದೇ ಆಕಾರ, ಒಳಗೆ ಏನೂ ಇಲ್ಲ, ಊದಿದರೆ ಹಾರುವಷ್ಟು ಹಗುರ.

ಹುಡುಕಬೇಕಾದದ್ದು ಬರೀ ಹುಳುವನ್ನಲ್ಲ. ಅದು ಹಗಲು ಕಾಣಿಸಿಕೊಳ್ಳುವುದೇ ಕಡಿಮೆ. ಕಪ್ಪು ಚುಕ್ಕೆಗಳು ಎಂದೆನಲ್ಲ, ಅವು ಜೀರ್ಣವಾದ ರಕ್ತದ ಹಿಕ್ಕೆ. ಒದ್ದೆ ಕರವಸ್ತ್ರದಿಂದ ಒರೆಸಿ ನೋಡಿ: ಶಾಯಿಯಂತೆ ಕೆಂಗಂದಾಗಿ ಹರಡಿದರೆ ತಿಗಣೆಯದು, ಉದುರಿ ಹೋದರೆ ಬರೀ ಧೂಳು. ಪೊರೆ, ಮೊಟ್ಟೆ, ಚಾದರದ ಮೇಲೆ ನುರಿದ ರಕ್ತದ ಗೆರೆ ಇವೂ ಗುರುತುಗಳೇ. ಬಹಳ ಇದ್ದರೆ ವಾಸನೆ ಬರುತ್ತದೆ. ಕೊಳೆತ ಕೊತ್ತಂಬರಿ ಸೊಪ್ಪಿನ ನೆನಪಾಗುವ ವಾಸನೆ. ಅದು ಸುಮ್ಮನೆ ಹೋಲಿಕೆಯಲ್ಲ, ಎರಡರ ಘಾಟಿಗೂ ಕಾರಣವಾದ ರಾಸಾಯನಿಕಗಳು ಒಂದೇ ಕುಲದವು.

ಮಂಚ ಮುಗಿದ ಮೇಲೆ ಸಮಯವಿದ್ದರೆ ಪಕ್ಕದ ಮೇಜಿನ ಖಾನೆ, ಗೋಡೆಯ ಚಿತ್ರದ ಹಿಂಬದಿ, ಸೋಫಾದ ಹೊಲಿಗೆ, ಪರದೆಯ ಮಡಿಕೆ ನೋಡಬಹುದು. ಮಂಚದಿಂದ ಆರೇಳು ಅಡಿಯೊಳಗೆ ನೋಡಿದರೆ ಸಾಕು. ಏನೂ ಕಾಣದಿದ್ದರೆ ಚೀಲವನ್ನು ಬರಿಯ ಮೇಜಿನ ಮೇಲೋ, ಕಬ್ಬಿಣದ ಸ್ಟ್ಯಾಂಡಿನ ಮೇಲೋ ಇಟ್ಟು ಜಿಪ್ ಹಾಕಿ ಮಲಗಿ.

ಉಟ್ಟು ಬಿಟ್ಟ ಬಟ್ಟೆಯ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗೆದ ಬಟ್ಟೆಯ ಚೀಲಕ್ಕಿಂತ ಉಟ್ಟು ಬಿಟ್ಟ ಬಟ್ಟೆಯ ಚೀಲದಲ್ಲಿ ತಿಗಣೆಗಳು ಸುಮಾರು ಎರಡು ಪಟ್ಟು ಸೇರಿಕೊಂಡಿದ್ದವು. ಬೆವರಿನ ವಾಸನೆಯೇ ಅವಕ್ಕೆ ಮನುಷ್ಯ ಇದ್ದಂತೆ. ಆದ್ದರಿಂದ ಕೊಳೆ ಬಟ್ಟೆ ನೆಲದ ಮೇಲೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಕಟ್ಟಿಬಿಡಿ.

ಗುರುತು ಸಿಕ್ಕಿತು, ಮುಂದೆ?

ಫೋಟೊ ತೆಗೆದು ಕೆಳಗಿಳಿದು ವ್ಯವಸ್ಥಾಪಕರಿಗೆ ತೋರಿಸಿ. ನಮ್ಮ ವ್ಯವಸ್ಥಾಪಕ ಒಳ್ಳೆಯವ, ವಾದಿಸಲಿಲ್ಲ. "ತಪ್ಪಾಯಿತು ಸರ್, ಪಕ್ಕದ ಕೋಣೆ ಖಾಲಿ ಇದೆ, ಕೊಡುತ್ತೇನೆ" ಎಂದ. ಪಕ್ಕದ್ದು ಬೇಡ ಎಂದೆವು. ಗೋಡೆಯ ಬಿರುಕು, ವಿದ್ಯುತ್ ತಂತಿಯ ಕೊಳವೆ ಹಿಡಿದು ತಿಗಣೆ ಪಕ್ಕದ, ಮೇಲಿನ, ಕೆಳಗಿನ ಕೋಣೆಗಳಿಗೂ ನಡೆದು ಹೋಗುತ್ತದೆ. ಸಾಧ್ಯವಾದಷ್ಟು ದೂರದ್ದನ್ನು ಕೇಳಿ, ಅಲ್ಲಿಯೂ ಮತ್ತೆ ಗಾದಿ ಎತ್ತಿ ನೋಡಿ. ನಮಗೆ ಎರಡು ಮಹಡಿ ಕೆಳಗೆ, ಓಣಿಯ ಕಡೆಗೆ ಒಂದು ಕೋಣೆ ಸಿಕ್ಕಿತು. ರಾತ್ರಿಯಿಡೀ ಟಂಟಂ ಗಾಡಿಗಳ ಸದ್ದು, ಆದರೆ ಗೋಟು ಸ್ವಚ್ಛ.

ಮಂಟಪದ ಬಾಡಿಗೆ ಗಾದಿಗಳದು ಬೇರೆಯೇ ಕಥೆ. ಇವತ್ತು ಇಳಕಲ್ಲಿನ ಮದುವೆಯಲ್ಲಿ ಹಾಸಿದ್ದು ನಾಳೆ ಮುಧೋಳದಲ್ಲಿ, ನಾಡಿದ್ದು ಇನ್ನೆಲ್ಲೋ. ಒಂದರ ಮೇಲೊಂದು ಒಟ್ಟಿ ಟೆಂಪೋದಲ್ಲಿ ಸಾಗಿಸುವಾಗ ಒಂದರಲ್ಲಿದ್ದದ್ದು ಹತ್ತಕ್ಕೆ ದಾಟಬಹುದು. ಅಲ್ಲಿ ಎಲ್ಲ ಗಾದಿ ಪರೀಕ್ಷಿಸುತ್ತ ಕೂತರೆ ಬೀಗರು ಏನೆಂದುಕೊಂಡಾರು. ಮನೆಯಿಂದ ತಂದ ಜಮಖಾನೆ ಬರಿ ನೆಲದ ಮೇಲೆ ಹಾಸಿ, ಕೌದಿ ಹೊದ್ದು ಮಲಗುವ ಹಳೆಯ ರೂಢಿ ಇದಕ್ಕೆ ಎಷ್ಟೋ ಮೇಲು.

ಮನೆಗೆ ಬಂದ ಮೇಲೆ: ಬಿಸಿಯೇ ಮದ್ದು

ಚೀಲವನ್ನು ಮಲಗುವ ಕೋಣೆಗೆ ಒಯ್ಯಬೇಡಿ. ಪಡಸಾಲೆಯಲ್ಲಿ, ಅಂಗಳದಲ್ಲಿ ಅಥವಾ ಮಾಳಿಗೆಯ ಮೇಲೆ ಬಿಚ್ಚಿ. ಬಟ್ಟೆಗಳು ನೇರ ಒಗೆಯುವ ನೀರಿಗೆ ಹೋಗಲಿ. 60 ಡಿಗ್ರಿ ಬಿಸಿಯ ನೀರು ಹುಳುವನ್ನೂ ಮೊಟ್ಟೆಯನ್ನೂ ಕೊಲ್ಲುತ್ತದೆ. ಬಿಸಿ ನೀರು ತಾಳದ ಇಳಕಲ್ ಸೀರೆಯಂತಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ಇಡಬಹುದು. ಒಳಗೆ ಮೈನಸ್ 18 ಡಿಗ್ರಿ ಇರಬೇಕು, ನಾಲ್ಕು ದಿನ ತೆಗೆಯಬಾರದು. ಚೀಲದ ಹೊಲಿಗೆ, ಜಿಪ್ಪಿನ ಪಟ್ಟಿಗೆ ಬಿಸಿ ಇಸ್ತ್ರಿಯನ್ನು ನಿಧಾನವಾಗಿ ಒತ್ತಿ ಎಳೆದರೆ ಅಡಗಿದ್ದದ್ದು ಸಾಯುತ್ತದೆ, ಚೀಲದ ಬಟ್ಟೆ ಶಾಖ ತಾಳುವಂತಿದ್ದರೆ ಮಾತ್ರ.

ಬಿಸಿಲಿಗೆ ಹಾಕಿದರೆ ಸಾಲದೇ ಎಂದು ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ನಾವೇ ಬೇಯುವಾಗ ಹುಳು ಬದುಕೀತೇ? ಲೆಕ್ಕ ಹೀಗಿದೆ. 48 ಡಿಗ್ರಿಯಲ್ಲಿ ಬೆಳೆದ ತಿಗಣೆ ಸುಮಾರು 20 ನಿಮಿಷಕ್ಕೆ ಸಾಯುತ್ತದೆ, ಮೊಟ್ಟೆಗೆ ಅದೇ ಬಿಸಿ ಒಂದು ಗಂಟೆಗೂ ಮಿಕ್ಕಿ ಬೇಕು. ನಮ್ಮ ಗಾಳಿಯ ಉಷ್ಣಾಂಶ 42ಕ್ಕೆ ಏರಿದರೂ ಅಲ್ಲಿಗೆ ತಲುಪಲಿಲ್ಲ. ಬಿಸಿಲು ನೇರ ಬೀಳುವ ಮೇಲ್ಮೈ ಇನ್ನೂ ಕಾಯುತ್ತದೆ ನಿಜ, ಆದರೆ ಹತ್ತಿಯ ಗಾದಿಯ ಒಡಲು ತಂಪಾಗಿಯೇ ಇರುತ್ತದೆ. ತಿಗಣೆ ನೆರಳಿನ ಬದಿಗೆ ಜರುಗಿ ಸಂಜೆಯಾಗುವುದನ್ನು ಕಾಯುತ್ತದೆ. ಬಟ್ಟೆಯಂತಹ ತೆಳು ವಸ್ತುವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಕಟ್ಟಿ ಮಾಳಿಗೆಯ ಸುಡು ಕಲ್ಲಿನ ಮೇಲೆ ಮಧ್ಯಾಹ್ನವೆಲ್ಲ ಇಟ್ಟರೆ ಕೆಲಸವಾದೀತು. ದಪ್ಪ ಗಾದಿಗೆ ಬಿಸಿಲನ್ನು ಮಾತ್ರ ನಂಬಬೇಡಿ.

ಇದನ್ನು ಮಾತ್ರ ಮಾಡಬೇಡಿ

ಜೋಳ, ಗೋದಿಯ ಚೀಲಕ್ಕೆ ಹುಳ ಬೀಳದಂತೆ ಇಡುವ ಗುಳಿಗೆ ನಮ್ಮ ಎಷ್ಟೋ ಮನೆಗಳಲ್ಲಿ ಇರುತ್ತದೆ. ಕಾಳಿನ ಹುಳ ಸಾಯುತ್ತದೆಂದ ಮೇಲೆ ತಿಗಣೆಯೂ ಸಾಯಲಿ ಎಂದು ಅದನ್ನು ಮಲಗುವ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕುವವರಿದ್ದಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಆ ಅನಿಲ ಬಾಗಿಲಿನ ಸಂದಿಯಿಂದ ಪಕ್ಕದ ಕೋಣೆಗೆ, ಪಕ್ಕದ ಮನೆಗೆ ನುಸುಳುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ತಿಗಣೆಗೆಂದು ಈ ಗುಳಿಗೆ ಇಟ್ಟು ಮಕ್ಕಳ ಸಮೇತ ಜೀವ ಕಳೆದುಕೊಂಡವರ ಸುದ್ದಿ ದೇಶದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ತಿಗಣೆ ಕೊಲ್ಲುವುದಿಲ್ಲ, ಈ ಗುಳಿಗೆ ಕೊಲ್ಲುತ್ತದೆ.

ಮಂಚದ ಕಾಲಿಗೆ ಚಿಮಣಿ ಎಣ್ಣೆ ಸುರಿಯುವುದು ಬೆಂಕಿಗೆ ದಾರಿ. ಬೇವಿನ ಎಲೆ, ಕರ್ಪೂರ, ನುಸಿ ಗುಳಿಗೆಗಳನ್ನು ನೆಚ್ಚಿ ಕೂರುವಂತಿಲ್ಲ. ಕೋಣೆ ತುಂಬ ಹೊಗೆ ಹಾಕುವ ಡಬ್ಬಿಗಳ ಹೊಗೆ ಸಂದಿಯೊಳಗೆ ಇಳಿಯುವುದಿಲ್ಲ, ಇದ್ದ ಹುಳುಗಳು ಚದುರಿ ಇನ್ನೊಂದು ಕೋಣೆ ಸೇರಬಹುದು. ಮನೆಯಲ್ಲಿ ನಿಜಕ್ಕೂ ಬೇರೂರಿದ್ದರೆ ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಕರೆಸಿ. ಒಮ್ಮೆ ಹೊಡೆದು ಹೋದರೆ ಸಾಲದು. ಉಳಿದ ಮೊಟ್ಟೆಗಳು ಒಡೆದ ಮೇಲೆ, ಎರಡು ವಾರ ಬಿಟ್ಟು, ಇನ್ನೊಮ್ಮೆ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

ಮೈಮೇಲೆ ಏನೋ ಹರಿದಂತೆ

ತಿಗಣೆಯ ಮಾತು ಬಂದರೆ ಸಾಕು, ಕೇಳಿದವರ ಕತ್ತು ತುರಿಸುತ್ತದೆ. ಈ ಲೇಖನ ಓದುತ್ತ ನೀವೂ ಒಮ್ಮೆ ಕೆರೆದುಕೊಂಡಿರಬಹುದು, ಬರೆಯುತ್ತ ನಾನಂತೂ ಮೂರು ಬಾರಿ ಕೆರೆದುಕೊಂಡೆ. ಇದು ಹುಚ್ಚಲ್ಲ. ಅಪಾಯದ ವಾಸನೆ ಹಿಡಿದ ಮನಸ್ಸು ಮೈಯ ಪ್ರತಿ ಕೂದಲಿನ ಅಲುಗಾಟವನ್ನೂ ವರದಿ ಮಾಡತೊಡಗುತ್ತದೆ. ಕೆಲವರಿಗೆ ಪ್ರವಾಸದಿಂದ ಮರಳಿ ವಾರಗಟ್ಟಲೆ ಹೀಗಾಗುತ್ತದೆ, ರಾತ್ರಿ ಮೂರಕ್ಕೆ ಎದ್ದು ದೀಪ ಹಾಕಿ ಚಾದರ ಕೊಡವುತ್ತಾರೆ.

ಆ ಹೊತ್ತಿನಲ್ಲಿ ದಿನವೂ ಹುಡುಕುವುದರಿಂದ ಲಾಭವಿಲ್ಲ. ವಾರಕ್ಕೊಮ್ಮೆ, ಹಗಲು ಬೆಳಕಿನಲ್ಲಿ, ಗಾದಿಯ ಗೋಟು ಮತ್ತು ಮಂಚದ ಕೀಲು ನೋಡಿದರೆ ಸಾಕು. ಚೀಲದಲ್ಲಿ ಮೊಟ್ಟೆ ಬಂದಿದ್ದರೂ ಹತ್ತು ದಿನದೊಳಗೆ ಒಡೆದು, ಮರಿಗಳು ಊಟಕ್ಕೆ ಬಂದು, ಚುಕ್ಕೆ ಇಟ್ಟು, ಪೊರೆ ಬಿಟ್ಟಿರಲೇಬೇಕು. ಆರು ವಾರ ಕಳೆದರೂ ಚುಕ್ಕೆಯಿಲ್ಲ, ಪೊರೆಯಿಲ್ಲ ಎಂದರೆ ಬಹುಮಟ್ಟಿಗೆ ಏನೂ ಬಂದಿಲ್ಲ ಎಂದೇ ಲೆಕ್ಕ.

ಮದುವೆಯಿಂದ ಮರಳಿದ ಮೇಲೆ ಅಕ್ಕ ಈ ಲೆಕ್ಕವನ್ನು ಶಿಸ್ತಾಗಿ ಪಾಲಿಸಿದಳು. ಪ್ರತಿ ರವಿವಾರ ಹತ್ತು ಗಂಟೆಗೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಒಂದೇ ಪದ ಬರುತ್ತಿತ್ತು: "ಇಲ್ಲ." ಐದು ರವಿವಾರ ಹೀಗೆಯೇ ನಡೆಯಿತು. ಆರನೆಯ ರವಿವಾರ ಹನ್ನೆರಡಾದರೂ ಸದ್ದಿಲ್ಲ. ಎದೆ ಧಸಕ್ಕೆಂದು ನಾನೇ ಫೋನ್ ಮಾಡಿದೆ. ಆ ಕಡೆಯಿಂದ ಒರಳಿನಲ್ಲಿ ಕುಟ್ಟುವ ಸದ್ದು. "ಅಯ್ಯೋ, ನೋಡುವುದೇ ಮರೆತುಹೋಯಿತಪ್ಪಾ" ಎಂದಳು, "ಅಗಸೆ ಚಟ್ನಿ ಕುಟ್ಟುತ್ತ ಕುಳಿತಿದ್ದೆ."